ಬಾಳಿನ ಕಥೆಯಲ್ಲಿ ಸ್ವಭಾವೋಕ್ತಿ

ಸಾಮಾನ್ಯ ಜನರು ತಮ್ಮ ಬಾಳಿನ ಕಷ್ಟಸುಖಗಳನ್ನು ತಾವೇ ಹೇಳುವುದೂ, ಬರಹ ಬಲ್ಲವರು ಅದನ್ನು ಬರೆದು ಪ್ರಕಟಿಸುವುದೂ ಈಚೆಗೆ ಕನ್ನಡದಲ್ಲಿ ಒಂದು ಗಣ್ಯವಾದ ಸಾಹಿತ್ಯಶಾಖೆಯಾಗಿ ಬೆಳೆದಿದೆ. ಪೂರ್ವದಲ್ಲಿ ಈ ಅಧಿಕಾರವು ಕೆಲವರಿಗೆ ಮಾತ್ರ ಇದ್ದಿತು. ಹುಣಸೂರು ಸೀಮೆಯ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸನು ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಕಾವ್ಯಗಳನ್ನು ರಚಿಸಿ, ಅವುಗಳಲ್ಲಿ ತನ್ನ ವಂಶವನ್ನು ಹೇಳಿಕೊಂಡನು. ಅವನ ಸೀಮೆಯ ಒಕ್ಕಲಿಗನಿಗೆ ಅಂತಹ ಯೋಗವೆಲ್ಲಿಯದು?

ಅದೇ ಕಲ್ಲಹಳ್ಳಿಯ ಮನೆತನದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯು ಈ ಯೋಗವನ್ನು ಬೇರೊಂದು ರೀತಿಯಲ್ಲಿ ತಂದುಕೊಟ್ಟಿತು. ಭೂನ್ಯಾಯಮಂಡಳಿಗಳಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಯಾವ ಹೊಲವನ್ನು ಎಷ್ಟು ಕಾಲದಿಂದ ಉಳುತ್ತಿರುವೆನೆಂಬುದನ್ನು ಗೇಣಿದಾರನು ತಾನೇ ನಿಂತು ಹೇಳಬೇಕಾಯಿತು. ಬಾಳಿನ ಕಥೆಗೆ ಅಂದು ಭೂಮಿಯ ಬೆಲೆ ಬಂದಿತು.

ಈ ಭಾಗದಲ್ಲಿ ಹೇಳತಕ್ಕ ಕಥೆಗಳಿಗೇನೂ ಕೊರತೆಯಿಲ್ಲ. ಕಾವೇರಿಯ ಪ್ರವಾಹಕ್ಕೆ ಸಿಕ್ಕಿದ ಎಡತೊರೆಯ ಜನರು ನೆಲೆ ಬದಲಿಸಿದುದರಿಂದ ಕೃಷ್ಣರಾಜನಗರವು ಹುಟ್ಟಿತು. ಪಿರಿಯಾಪಟ್ಟಣದ ಬೈಲುಕುಪ್ಪೆಗೆ 1960ರ ದಶಕದ ಆರಂಭದಲ್ಲಿ ಬಂದ ಟಿಬೆಟ್ಟಿನವರು ಕಾಡು ಕಡಿದು ಜೋಳ ಬೆಳೆದರು. ಹೆಗ್ಗಡದೇವನಕೋಟೆಯ ಕಾಕನಕೋಟೆಯಲ್ಲಿ 1971ರಲ್ಲಿ ಕಡೆಯ ಖೆಡ್ಡಾ ನಡೆಯಿತು. ಬಳಿಕ ಕಪಿಲೆಯ ನೀರು ಅಣೆಕಟ್ಟಿನ ಹಿಂದೆ ನಿಂತು ಆ ನೆಲದ ಬಹುಭಾಗವನ್ನು ನುಂಗಿತು. ನಾಗರಹೊಳೆಯ ಕಾಡಿನಿಂದ ಹೊರಬಂದ ಜೇನುಕುರುಬರ ಕುಟುಂಬಗಳಿಗೆ ಹುಣಸೂರಿನ ನಾಗಾಪುರದಲ್ಲಿ ಮನೆಗಳಾದವು. ನಾಲ್ಕು ತಾಲ್ಲೂಕುಗಳಲ್ಲಿಯೂ ನೆಲೆ ತಪ್ಪಿ ನೆಲೆ ಕಂಡವರಿದ್ದಾರೆ.

ಆದರೆ ಇಂತಹ ಕಥೆಗಳನ್ನು ಬರೆದುಕೊಳ್ಳುವವರಲ್ಲಿ ಒಂದು ದೋಷವು ಬೇರೂರುತ್ತಿದೆ. ಮೊದಲು ಕಡುಬಡತನ, ನಡುವೆ ಒಬ್ಬ ಉಪಕಾರಿ, ಕೊನೆಗೆ ಸನ್ಮಾನದ ಹಾರ. ಈ ಮೂರು ಹೆಜ್ಜೆಗಳ ಅಚ್ಚಿನಲ್ಲಿ ಎಲ್ಲರ ಬಾಳನ್ನೂ ಎರಕ ಹೊಯ್ಯುತ್ತಾರೆ. ಕಥೆ ಓದಿಸಿಕೊಂಡು ಹೋಗುತ್ತದೆ. ಆದರೆ ಹೆಸರನ್ನು ಬದಲಿಸಿದರೆ ಅದು ಮತ್ತೊಬ್ಬರ ಕಥೆಯೂ ಆಗಬಲ್ಲುದು. ಇದು ಅತಿಶಯೋಕ್ತಿಯ ಅತ್ಯಂತ ಬಡ ರೂಪ. ದಂಡಿಯು ಅಲಂಕಾರಗಳಲ್ಲಿ ಸ್ವಭಾವೋಕ್ತಿಗೆ ಮೊದಲ ಸ್ಥಾನವನ್ನು ಕೊಟ್ಟನು. ವಸ್ತುವು ಇದ್ದಂತೆ ಕಾಣುವ ಹಾಗೆ ಹೇಳುವುದು ಸುಲಭವಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಬಾಣನ 'ಹರ್ಷಚರಿತ'ವು ಇದಕ್ಕೆ ಉತ್ತಮ ನಿದರ್ಶನ. ಎಳವೆಯಲ್ಲಿ ತಾಯಿ ಸತ್ತುದನ್ನೂ ಹದಿನಾಲ್ಕನೆಯ ವಯಸ್ಸಿನಲ್ಲಿ ತಂದೆ ಅಗಲಿದುದನ್ನೂ ಆತನು ಸಂಕ್ಷೇಪವಾಗಿ ಹೇಳಿಬಿಡುತ್ತಾನೆ. ತನ್ನೊಡನೆ ಅಲೆದ ಗೆಳೆಯರನ್ನಾದರೋ ವಿಸ್ತಾರವಾಗಿ ಹೆಸರಿಸುತ್ತಾನೆ. ಹಾವಿನ ವೈದ್ಯನು, ಚಿತ್ರಕಾರನು, ಮೃದಂಗದವನು, ತಾಂಬೂಲ ಕೊಡುವವನು, ಒಬ್ಬರನ್ನೂ ಬಿಟ್ಟಿಲ್ಲ. ಗದ್ಯಕ್ಕೆ ಚಕ್ರವರ್ತಿಯೆನಿಸಿದವನೂ ತನ್ನ ದುಃಖವನ್ನು ಹಿಗ್ಗಿಸಲಿಲ್ಲ, ಸಂಗಾತಿಗಳನ್ನು ಮರೆಯಲಿಲ್ಲ. ಕನ್ನಡದಲ್ಲಿ ಸಿದ್ಧಲಿಂಗಯ್ಯನವರ 'ಊರುಕೇರಿ'ಯನ್ನು ಇದರ ಪಕ್ಕದಲ್ಲಿಟ್ಟು ಓದಬಹುದು. ಎತ್ತುಗಳ ಸ್ಥಾನದಲ್ಲಿ ಮನುಷ್ಯರ ಹೆಗಲಿಗೆ ನೊಗವಿಟ್ಟು ಉತ್ತ ನೋಟವು ಆ ಪುಸ್ತಕದಲ್ಲಿ ಹುಡುಗನ ಕಣ್ಣಿಗೆ ಬಿದ್ದಂತೆಯೇ ಬರುತ್ತದೆ. ಲೇಖಕರು ಅಳುವುದಿಲ್ಲ, ಎದೆ ಹಿಂಡಿದಂತಾಗುವುದು ವಾಚಕನಿಗೆ.

ಇದು ಕೇವಲ ರಸಿಕರ ಚರ್ಚೆಯಲ್ಲ. 2006ರ ಅರಣ್ಯ ಹಕ್ಕು ಕಾಯಿದೆಗೆ 2008ರಲ್ಲಿ ಮಾಡಿದ ನಿಯಮಗಳು, ಹಕ್ಕು ಕೇಳುವವರಲ್ಲದ ಹಿರಿಯರ ಹೇಳಿಕೆಯನ್ನು ಬರೆದಿಟ್ಟರೆ ಅದನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಹಾಡಿಯ ಮುದುಕನೊಬ್ಬನು, ಹಿರಿಯರನ್ನು ಇಂತಹ ಮರದಡಿ ಹೂಳಿದೆವು, ಇಂತಹ ಹಳ್ಳದ ದಡದಲ್ಲಿ ರಾಗಿ ಚೆಲ್ಲಿದೆವು ಎಂದು ಹೇಳಿದರೆ, ಆ ಮರವೂ ಆ ಹಳ್ಳವೂ ಸಾಕ್ಷಿಗಳು. ಬರೆದುಕೊಳ್ಳುವವನು ಅವನ್ನು ಬಿಟ್ಟು 'ಪ್ರಕೃತಿಮಾತೆಯ ಮಡಿಲಲ್ಲಿ ಬೆಳೆದ ಮುಗ್ಧಜೀವಿ' ಎಂದು ಬರೆದರೆ, ವಾಕ್ಯವು ಚೆಲುವಾಗಬಹುದು. ಮುದುಕನ ನೆಲ ಹೋಗುತ್ತದೆ. ಉಚ್ಚ ನ್ಯಾಯಾಲಯವು ನೇಮಿಸಿದ, ಪ್ರಾಧ್ಯಾಪಕ ಮುಜಾಫರ್ ಅಸ್ಸಾದಿಯವರ ಸಮಿತಿಯು 2014ರಲ್ಲಿ ನಾಗರಹೊಳೆಯಿಂದ ನೆಲೆ ತಪ್ಪಿದ 3,418 ಕುಟುಂಬಗಳನ್ನು ಲೆಕ್ಕಕ್ಕೆ ತಂದಿತು. ಇಷ್ಟು ಮನೆಗಳ ನೆನಪು ಹೇಗೆ ಬರವಣಿಗೆಗೆ ಇಳಿಯುವುದೆಂಬುದು ಅಲ್ಪ ವಿಷಯವೆ?

ಆದಕಾರಣ ಬರೆದುಕೊಳ್ಳುವವರ ಧರ್ಮವು ಸರಳವಾದುದು. ಹೇಳುವವನ ಮಾತನ್ನು ಅವನ ಆಡುನುಡಿಯಲ್ಲಿಯೇ ಉಳಿಸಬೇಕು. ಊರು, ಹೊಳೆ, ಮರ, ಸಂಗಾತಿಗಳ ಹೆಸರನ್ನು ಬಿಡಲಾಗದು. ಗೆಲುವು ಬಾರದಿದ್ದರೆ ಕಟ್ಟಿಕೊಡಲಾಗದು. ಗೆಲ್ಲದವನ ಬಾಳೂ ಬಾಳೇ. ಒಬ್ಬನ ಕಥೆಯಿಂದ ಊರಿಗೆ ಉಪಕಾರವಾಗುವುದು ಅವನು ದೊಡ್ಡವನಾದನೆಂಬುದರಿಂದಲ್ಲ, ಅವನ ಮಾತನ್ನು ಊರು ನಂಬಬಹುದೆಂಬುದರಿಂದ.