ರೋಗನಿರ್ಣಯದ ಅಳತೆಗೋಲು: ಒಂದು ಆಧಾರವಿಮರ್ಶೆ

ಶಾಸನವೊಂದು ದೊರೆತಾಗ, ಅದನ್ನು ಯಾರು, ಎಲ್ಲಿ, ಯಾರನ್ನು ಕುರಿತು ಬರೆಯಿಸಿದರೆಂದು ಕೇಳುವುದು ಇತಿಹಾಸಶಾಸ್ತ್ರದ ಪ್ರಥಮ ಪಾಠ. ವೈದ್ಯರು ಬಳಸುವ ಅಳತೆಗೋಲುಗಳಿಗೂ ಈ ಪಾಠ ಸಲ್ಲುವುದೆಂಬುದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ. ಜನರು ಪಿಸಿಓಎಸ್ ಎಂದು ಕರೆಯುವ ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮನ್ನು ಉದಾಹರಣೆಯಾಗಿಯೂ, ಅದನ್ನು ಕುರಿತು 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯನ್ನು ವಿಮರ್ಶೆಯ ವಸ್ತುವಾಗಿಯೂ ನಾವು ಆರಿಸಿಕೊಂಡಿದ್ದೇವೆ. ಚಿಕಿತ್ಸೆಯ ವಿಚಾರ ನಮ್ಮ ಅಧಿಕಾರಕ್ಕೆ ಮೀರಿದುದು. ಪ್ರಮಾಣಗಳ ಹುಟ್ಟನ್ನು ಪರಿಶೀಲಿಸುವ ಅಧಿಕಾರ ಮಾತ್ರ ಇತಿಹಾಸದ ವಿದ್ಯಾರ್ಥಿಗಳಿಗೆಲ್ಲ ಉಂಟು.

1935ರಲ್ಲಿ ಚಿಕಾಗೋ ನಗರದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಏಳು ಮಂದಿ ಸ್ತ್ರೀಯರನ್ನು ಪರೀಕ್ಷಿಸಿ ಈ ಲಕ್ಷಣಸಮೂಹವನ್ನು ವರ್ಣಿಸಿದರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಸೇರಿದ ತಜ್ಞರು, ಅಂಡೋತ್ಪತ್ತಿಯ ಏರುಪೇರು ಮತ್ತು ಆಂಡ್ರೋಜನ್ ಎಂಬ ಹಾರ್ಮೋನಿನ ಆಧಿಕ್ಯ ಇವೆರಡೂ ಇರಬೇಕೆಂದರು. 2003ರಲ್ಲಿ ರಾಟರ್‌ಡ್ಯಾಮಿನಲ್ಲಿ ಸೇರಿದವರು ಅಲ್ಟ್ರಾಸೌಂಡಿನಲ್ಲಿ ಕಾಣುವ ಅಂಡಾಶಯದ ರೂಪವನ್ನೂ ಸೇರಿಸಿ, ಮೂರರಲ್ಲಿ ಯಾವ ಎರಡಿದ್ದರೂ ಸಾಕೆಂದರು. 2006ರಲ್ಲಿ ಮತ್ತೊಂದು ತಜ್ಞಸಂಘವು ಆಂಡ್ರೋಜನ್ ಆಧಿಕ್ಯವನ್ನು ಅನಿವಾರ್ಯವೆಂದು ವಿಧಿಸಿತು. ಇವೆಲ್ಲವೂ ವಿದ್ವಾಂಸರ ಸಭೆಗಳಲ್ಲಿ ಆದ ಒಡಂಬಡಿಕೆಗಳೆಂಬುದನ್ನು ಮರೆಯಲಾಗದು.

ಇದರ ಪರಿಣಾಮವೇನು? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೆರವಿನಿಂದ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನವನ್ನು ನೋಡಬಹುದು. 18ರಿಂದ 40 ವರ್ಷದ ಭಾರತೀಯ ಸ್ತ್ರೀಯರಲ್ಲಿ ಈ ವ್ಯಾಧಿಯ ಪ್ರಮಾಣ 1990ರ ಸೂತ್ರದಂತೆ ಶೇಕಡ 7.2, 2006ರ ಸೂತ್ರದಂತೆ 13.6, ರಾಟರ್‌ಡ್ಯಾಂ ಸೂತ್ರದಂತೆ 19.6. ಸ್ತ್ರೀಯರು ಅವರೇ, ದೇಹಗಳೂ ಅವೇ. ಅಳತೆಗೋಲು ಬದಲಾದೊಡನೆ ರೋಗಿಗಳ ಸಂಖ್ಯೆ ಹೆಚ್ಚುಕಡಿಮೆ ಮೂರು ಪಾಲಾಯಿತು. ಆದುದರಿಂದ ಸೂತ್ರದ ಹೆಸರು ಹೇಳದೆ ಉದ್ಧರಿಸಿದ ಅಂಕಿಗಳನ್ನು ಕಾಲನಿರ್ದೇಶವಿಲ್ಲದ ಐತಿಹ್ಯದಂತೆಯೇ ಶಂಕಿಸಬೇಕಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದುದು ಆಂಡ್ರೋಜನ್ ಆಧಿಕ್ಯದ ಹೊರಗುರುತಾದ ರೋಮದ ಅಳತೆ. 1961ರಲ್ಲಿ ಫೆರಿಮನ್ ಮತ್ತು ಗಾಲ್ವೇ ಎಂಬವರು ಲಂಡನ್ನಿನ ಆಸ್ಪತ್ರೆಗೆ ಬಂದ ಸ್ತ್ರೀಯರನ್ನು ನೋಡಿ, ದೇಹದ 11 ಸ್ಥಾನಗಳಲ್ಲಿ ರೋಮಕ್ಕೆ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮವನ್ನು ರೂಪಿಸಿದರು. ಮುಂದೆ ಸ್ಥಾನಗಳು ಒಂಬತ್ತಾದುವು. 8 ಎಂಬ ಅಂಕವು ಎಲ್ಲೆಯೆಂದು ರೂಢಿಗೆ ಬಂದಿತು. ಒಂದು ಊರಿನ ಕೊಳಗದಿಂದ ಲೋಕದ ಧಾನ್ಯವನ್ನೆಲ್ಲ ಅಳೆದಂತಾಯಿತು. ಪೂರ್ವ ಏಷ್ಯದ ಸ್ತ್ರೀಯರಲ್ಲಿ ಆಂಡ್ರೋಜನ್ ಹೆಚ್ಚಿದ್ದರೂ ರೋಮ ಅಷ್ಟಾಗಿ ಬೆಳೆಯದಿರಬಹುದು; ಅಂಥವಳು ಈ ಎಲ್ಲೆಯ ಕೆಳಗೇ ಉಳಿಯುವಳು. ಸ್ವಭಾವತಃ ದಟ್ಟ ರೋಮವುಳ್ಳ ಜನರಲ್ಲಿ ಆರೋಗ್ಯವಂತಳಿಗೂ ರೋಗದ ಹೆಸರು ಅಂಟಬಹುದು.

2023ರ ಮಾರ್ಗಸೂಚಿಯು ಈ ದೋಷವನ್ನು ಕಂಡುಕೊಂಡು, ಜನಸಮುದಾಯಕ್ಕೆ ತಕ್ಕಂತೆ 4ರಿಂದ 6ರೊಳಗಣ ಅಂಕವನ್ನು ಎಲ್ಲೆಯಾಗಿ ಹಿಡಿಯಬಹುದೆಂದಿದೆ. ಸ್ತ್ರೀಯರು ರೋಮವನ್ನು ತೆಗೆದುಕೊಂಡೇ ವೈದ್ಯರ ಬಳಿಗೆ ಬರುವುದುಂಟೆಂಬುದನ್ನೂ ಅದು ಗಮನಿಸಿದೆ. ವಯಸ್ಕರಲ್ಲಿ ಅಲ್ಟ್ರಾಸೌಂಡಿಗೆ ಬದಲಾಗಿ ಎಎಂಎಚ್ ಎಂಬ ಹಾರ್ಮೋನಿನ ರಕ್ತಪರೀಕ್ಷೆಗೆ ಅವಕಾಶವಿತ್ತು, ಅದರ ಎಲ್ಲೆಯನ್ನು ಆಯಾ ಸಮುದಾಯಕ್ಕೂ ಪರೀಕ್ಷಾಕ್ರಮಕ್ಕೂ ಹೊಂದಿಸಬೇಕೆಂದೂ ಹೇಳಿದೆ. ಇವು ಸ್ತುತ್ಯವಾದ ತಿದ್ದುಪಡಿಗಳು.

ಆದರೆ ನಮ್ಮ ಆಕ್ಷೇಪಗಳು ಎರಡಿವೆ. ಮೊದಲನೆಯದಾಗಿ, ಸಮುದಾಯದ ಎಲ್ಲೆಯನ್ನು ಕಟ್ಟುವಾಗ ನೂರರಲ್ಲಿ ತೊಂಬತ್ತೈದು ಮಂದಿಯನ್ನು ಸಹಜರೆಂದೂ ಉಳಿದ ಐವರನ್ನು ಅಸಹಜರೆಂದೂ ಎಣಿಸುವ ಕ್ರಮ ಬಳಕೆಯಲ್ಲಿದೆ. ಹೀಗಾದರೆ ಯಾವ ನಾಡಿನಲ್ಲಿ ಅಳೆದರೂ ಐವರೇ ದೊರೆಯುವರು. ಕಾಣಬೇಕಾದುದನ್ನು ಮೊದಲೇ ನಿಶ್ಚಯಿಸಿದಂತಾಯಿತಲ್ಲವೆ? ಎಲ್ಲೆಯನ್ನು ಋತುಚಕ್ರದ ಸ್ಥಿತಿ, ರಕ್ತದ ಆಂಡ್ರೋಜನ್ ಮೊದಲಾದುವುಗಳೊಡನೆ ತಾಳೆನೋಡಿಯೇ ಸ್ಥಾಪಿಸಬೇಕು. ಎರಡನೆಯದಾಗಿ, ‘ದಕ್ಷಿಣ ಏಷ್ಯದವರು’ ಎಂಬ ಹೆಸರು ಜನಗಣತಿಯ ಕಾಲಮಿನಿಂದ ಬಂದುದೇ ಹೊರತು ದೇಹದಿಂದ ಬಂದುದಲ್ಲ. ಕಾಶ್ಮೀರದವಳನ್ನೂ ಕೇರಳದವಳನ್ನೂ ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದವಳನ್ನೂ ಒಂದೇ ಪೆಟ್ಟಿಗೆಗೆ ಹಾಕಿದರೆ, ಲಂಡನ್ನಿನ ಕೊಳಗವನ್ನು ಬಿಟ್ಟು ಮತ್ತೊಂದು ತಪ್ಪು ಕೊಳಗವನ್ನು ಹಿಡಿದಂತಾಗುವುದು.

ಹಾಗಾದರೆ ಆಗಬೇಕಾದುದೇನು? ಆಸ್ಪತ್ರೆಗೆ ತಾವಾಗಿ ಬಂದವರನ್ನಷ್ಟೇ ನೋಡದೆ, ಹಳ್ಳಿ ಪಟ್ಟಣಗಳ ಸಾಮಾನ್ಯ ಸ್ತ್ರೀಯರನ್ನು ಆರಿಸಿ ಅಳೆಯಬೇಕು. ಯಾರನ್ನು ಅಳೆಯಲಾಯಿತೆಂಬುದನ್ನು ಪ್ರತಿ ಎಲ್ಲೆಯೊಡನೆಯೂ ನಮೂದಿಸಬೇಕು. ಹೊಸ ಅಳತೆ ದೊರೆತಾಗ ಹಳೆಯದನ್ನು ಬಿಡಲು ಸಿದ್ಧರಿರಬೇಕು. ಇದು ಬರಿಯ ಪಂಡಿತರ ಚರ್ಚೆಯಲ್ಲ. ಎಲ್ಲೆಯ ಕೆಳಗೆ ತಪ್ಪಾಗಿ ಬಿದ್ದವಳಿಗೆ ಮಧುಮೇಹದ ಎಚ್ಚರಿಕೆ ಸಕಾಲದಲ್ಲಿ ದೊರೆಯುವುದಿಲ್ಲ. ಮೇಲೆ ತಪ್ಪಾಗಿ ಬಿದ್ದ ತರುಣಿಯು ಮಕ್ಕಳಾಗವೆಂಬ ಭಯವನ್ನು ಹೊತ್ತು ವರ್ಷಗಳನ್ನು ಕಳೆಯುವಳು. ಆಧಾರದ ಹುಟ್ಟನ್ನು ವಿಚಾರಿಸುವ ಅಭ್ಯಾಸವು ಇತಿಹಾಸದ ತರಗತಿಯಿಂದ ವೈದ್ಯವಿದ್ಯಾರ್ಥಿಯ ತರಗತಿಗೂ ಹೋಗುವುದಾದರೆ, ಈ ಎರಡು ಅನ್ಯಾಯಗಳೂ ಕಡಿಮೆಯಾಗುವುವೆಂದು ನಾವು ನಂಬಿದ್ದೇವೆ.