ಜಾಲತಾಣ ಯಾರದು?

ಪುಸ್ತಕ, ನಾಟಕ, ಸಿನಿಮಾಗಳನ್ನು ವಿಮರ್ಶಿಸುವ ನಾವು ದಿನವೂ ಕಣ್ಣಿಗೆ ಬೀಳುವ ಒಂದು ಕಸುಬನ್ನು ಒರೆಗೆ ಹಚ್ಚಿ ನೋಡಿದ್ದು ಕಡಿಮೆ. ಅದು ವೆಬ್‌ಸೈಟ್ ಮಾಡಿಕೊಡುವ ಸಣ್ಣ ಆಫೀಸುಗಳ ಕಸುಬು. ಹುಬ್ಬಳ್ಳಿ, ದಾವಣಗೆರೆ, ಶಿವಮೊಗ್ಗ, ಉಡುಪಿ, ಎಲ್ಲಿ ಹೋದರೂ ಕಾಂಪ್ಲೆಕ್ಸಿನ ಮೇಲ್ಮಹಡಿಯಲ್ಲಿ ಇಂಥದೊಂದು ಆಫೀಸು ಸಿಗುತ್ತದೆ. ಇಬ್ಬರು ಮೂವರು ಕೆಲಸಗಾರರು, ನಾಲ್ಕಾರು ಕಂಪ್ಯೂಟರ್. ಮಲೆನಾಡಿನ ಹೋಮ್‌ಸ್ಟೇ, ಪಿಯು ಕಾಲೇಜು, ಪತ್ತಿನ ಸಹಕಾರ ಸಂಘ, ನರ್ಸಿಂಗ್ ಹೋಮ್, ದೇವಸ್ಥಾನದ ಟ್ರಸ್ಟ್, ಇವರೇ ಗಿರಾಕಿಗಳು. ಕರ್ನಾಟಕದ ಸಣ್ಣ ಊರುಗಳು ಅಂತರಜಾಲದಲ್ಲಿ ಹೇಗೆ ಕಾಣಿಸಿಕೊಳ್ಳುತ್ತವೆ ಎಂಬುದು ಬಹುಮಟ್ಟಿಗೆ ಇವರ ಕೈಯಲ್ಲಿದೆ. ಹಾಗಾಗಿ ಇವರ ಕೆಲಸದ ಗುಣಾವಗುಣ ನಮ್ಮೆಲ್ಲರಿಗೂ ಸಂಬಂಧಿಸಿದ್ದು.

ಈ ಕಸುಬಿಗೆ ದಾರಿ ಮಾಡಿಕೊಟ್ಟದ್ದು ಮುಕ್ತ ತಂತ್ರಾಂಶ. ಮೊದಲೆಲ್ಲ ಪ್ರತಿ ಪುಟವನ್ನೂ ಎಚ್‌ಟಿಎಂಎಲ್‌ನಲ್ಲಿ ಕೈಯಾರೆ ಬರೆಯಬೇಕಿತ್ತು. ಒಂದು ಫೋನ್ ನಂಬರ್ ಬದಲಿಸಲೂ ತಂತ್ರಜ್ಞರನ್ನೇ ಕರೆಯಬೇಕಿತ್ತು. 2001ರಲ್ಲಿ ಡ್ರೂಪಲ್, 2003ರಲ್ಲಿ ವರ್ಡ್‌ಪ್ರೆಸ್, 2005ರಲ್ಲಿ ಜೂಮ್ಲಾ ಬಂದವು. ವಿನ್ಯಾಸವನ್ನು ಮುಟ್ಟದೆ ಬರಹವನ್ನಷ್ಟೇ ಬದಲಿಸುವ ಅನುಕೂಲ ಸಾಮಾನ್ಯರಿಗೂ ದಕ್ಕಿತು. ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಶುರುಮಾಡಿದ ವರ್ಡ್‌ಪ್ರೆಸ್ಸನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು, ತಿದ್ದಿ, ಬಳಸಬಹುದು. ಹಾಗಾದರೆ ಈ ಆಫೀಸುಗಳು ಗಿರಾಕಿಗೆ ಮಾರುವುದೇನನ್ನು? ಆಯ್ಕೆ, ಜೋಡಣೆ, ಬರವಣಿಗೆ, ಆರೈಕೆ. ಮೊದಲ ಎರಡನ್ನು ಅವರು ಚೆನ್ನಾಗಿಯೇ ಮಾಡುತ್ತಿದ್ದಾರೆ. ಕೊನೆಯ ಎರಡರಲ್ಲಿ ಸೋಲುತ್ತಿದ್ದಾರೆ ಎಂಬುದು ನನ್ನ ಅಭಿಪ್ರಾಯ.

ಗುಣವನ್ನು ಮೊದಲು ಹೇಳಬೇಕು. ದೊಡ್ಡ ಏಜೆನ್ಸಿಗಳು ತಿರುಗಿಯೂ ನೋಡದ ಬಜೆಟ್ಟಿನಲ್ಲಿ ಇವರು ಕೆಲಸ ಮುಗಿಸಿಕೊಡುತ್ತಾರೆ. ಗಿರಾಕಿಯ ಮಾತು ಇವರಿಗೆ ಅರ್ಥವಾಗುತ್ತದೆ, ಊರು ಗೊತ್ತಿರುತ್ತದೆ, ತೋಟಕ್ಕೆ ಹೋಗಿ ತಾವೇ ಫೋಟೊ ತೆಗೆಯುತ್ತಾರೆ. ಸಕಲೇಶಪುರದ ಕಡೆಯ ಒಂದು ಹೋಮ್‌ಸ್ಟೇ ನಡುವಿನವರಿಗೆ ಕಮಿಷನ್ ಕೊಡದೆ ತನ್ನದೇ ತಾಣದಲ್ಲಿ ಬುಕಿಂಗ್ ಪಡೆಯಬಲ್ಲದಾದರೆ ಅದು ಇಂಥವರ ದುಡಿಮೆಯ ಫಲ. ಇದನ್ನು ಸಣ್ಣ ಸಾಧನೆ ಎನ್ನಲಾಗದು.

ಆದರೆ ತಾಣ ತೆರೆದುಕೊಂಡ ಮರುದಿನದಿಂದ ಸಮಸ್ಯೆ ಶುರು. ಎಲ್ಲಕ್ಕಿಂತ ಗಂಭೀರವಾದದ್ದು ಒಡೆತನದ ಪ್ರಶ್ನೆ. ಡೊಮೇನ್ ಹೆಸರನ್ನು, ಅಂದರೆ ತಾಣದ ವಿಳಾಸವನ್ನು, ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಇಷ್ಟು ವರ್ಷಕ್ಕೆಂದು ನೋಂದಾಯಿಸಿ, ಗಡುವಿನೊಳಗೆ ನವೀಕರಿಸುತ್ತಿರಬೇಕು. ನೋಂದಣಿ ಯಾರ ಹೆಸರಲ್ಲಿ, ಯಾರ ಇಮೇಲಿನಲ್ಲಿ ಇದೆಯೋ ಹಿಡಿತ ಅವರದು. ಎಷ್ಟೋ ಆಫೀಸುಗಳು ಗಿರಾಕಿಯ ಡೊಮೇನನ್ನು ತಮ್ಮದೇ ಖಾತೆಯಲ್ಲಿ ನೋಂದಾಯಿಸಿಬಿಡುತ್ತವೆ. ಮನೆ ಕಟ್ಟಿದ ಮೇಸ್ತ್ರಿ ಖಾತೆಯನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡಂತೆ ಇದು. ಬಹಳ ಸಲ ಇದರಲ್ಲಿ ದುರುದ್ದೇಶವಿರುವುದಿಲ್ಲ. ಹಾಗೆ ಮಾಡುವುದು ಸುಲಭ, ಅಷ್ಟೆ. ಆದರೆ ಆಫೀಸು ಮುಚ್ಚಿದರೆ, ನೋಡಿಕೊಳ್ಳುತ್ತಿದ್ದ ಹುಡುಗ ಬೆಂಗಳೂರಿನ ಕೆಲಸಕ್ಕೆ ಹೋದರೆ, ನವೀಕರಣದ ನೆನಪೋಲೆ ಯಾರೂ ತೆರೆಯದ ಇಮೇಲಿಗೆ ಬಂದು ಬೀಳುತ್ತದೆ. ಗಡುವು ಮೀರಿ ಕೆಲವು ವಾರ ಕಳೆದ ಮೇಲೆ ಆ ಹೆಸರನ್ನು ಬೇರೆ ಯಾರು ಬೇಕಾದರೂ ಪಡೆಯಬಹುದು. ಲೆಟರ್‌ಹೆಡ್ಡು, ಬೋರ್ಡು, ವಿಸಿಟಿಂಗ್ ಕಾರ್ಡಿನಲ್ಲೆಲ್ಲ ಅಚ್ಚಾಗಿರುವ ಹೆಸರು ಪರರ ಪಾಲಾಗುತ್ತದೆ.

ಇನ್ನು ಆರೈಕೆ. ವರ್ಡ್‌ಪ್ರೆಸ್ ತಾಣಗಳಿಗೆ ಕನ್ನ ಬೀಳುವುದು ಹೆಚ್ಚಾಗಿ ಸೌಲಭ್ಯ ಸೇರಿಸುವ ಪ್ಲಗಿನ್ ಮತ್ತು ರೂಪ ಕೊಡುವ ಥೀಮುಗಳ ಹಳೆಯ ಆವೃತ್ತಿಗಳ ಮೂಲಕ. ದೋಷ ಪತ್ತೆಯಾದಾಗ ಅವುಗಳನ್ನು ತಯಾರಿಸಿದವರು ಸರಿಪಡಿಸಿದ ಆವೃತ್ತಿ ಬಿಡುತ್ತಾರೆ. ಅದನ್ನು ಹಾಕಿಕೊಳ್ಳದ ತಾಣಗಳನ್ನು ದಾಳಿಕೋರರ ಸ್ವಯಂಚಾಲಿತ ಪ್ರೋಗ್ರಾಮ್‌ಗಳು ಹುಡುಕುತ್ತ ಹೋಗುತ್ತವೆ. ಸಂಘದ ತಾಣದ ಹೆಸರಿನಲ್ಲಿ ಒಂದು ದಿನ ಜೂಜಿನ ಜಾಹೀರಾತು ಕಾಣಿಸುವುದು ಹೀಗೆ. ಖರ್ಚು ಉಳಿಸಲು ಕೆಲವರು ಹಣ ಕೊಟ್ಟು ಪಡೆಯಬೇಕಾದ ಥೀಮಿನ ಕದ್ದ ಪ್ರತಿ ಹಾಕುತ್ತಾರೆ. ಅಂಥ ಪ್ರತಿಗಳಲ್ಲಿ ಕಳ್ಳದಾರಿಯನ್ನು ಮೊದಲೇ ಇಟ್ಟಿರುವುದು ಸಾಮಾನ್ಯ. ತಾಣದ ಸುರಕ್ಷತಾ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ 2015ರಿಂದಲೇ ಪುಕ್ಕಟೆ ಕೊಡುತ್ತಿದ್ದರೂ, ಅದರ ಅವಧಿ ಮುಗಿದು ಬ್ರೌಸರ್ ಎಚ್ಚರಿಕೆ ಕೊಡುವ ತಾಣಗಳು ಇಂದಿಗೂ ಸಿಗುತ್ತವೆ.

ಬರವಣಿಗೆಯ ಸ್ಥಿತಿ ಇದಕ್ಕಿಂತ ಮೇಲಲ್ಲ. ಕಾಲೇಜಿನ ತಾಣದ ಮುಖಪುಟದಲ್ಲಿ ಮೂರು ವರ್ಷ ಹಿಂದಿನ ಪ್ರವೇಶ ಪ್ರಕಟಣೆ, ‘ನಮ್ಮ ಬಗ್ಗೆ’ ಪುಟದಲ್ಲಿ ಯಾವ ಸಂಸ್ಥೆಗಾದರೂ ಹೊಂದುವ ಇಂಗ್ಲಿಷ್ ಪ್ಯಾರಾ. ತಾಣವನ್ನು ಬದಲಿಸುವುದು ಹೇಗೆಂದು ಸಂಸ್ಥೆಯಲ್ಲಿ ಯಾರಿಗೂ ಹೇಳಿಕೊಟ್ಟಿಲ್ಲ. ವರ್ಡ್‌ಪ್ರೆಸ್ಸಿನಲ್ಲಿ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಂಟ್ರಿಬ್ಯೂಟರ್, ಸಬ್‌ಸ್ಕ್ರೈಬರ್ ಎಂಬ ಹಂತಗಳಿರುವುದು ಅವರವರಿಗೆ ಬೇಕಾದಷ್ಟೇ ಅಧಿಕಾರ ಕೊಡಲೆಂದೇ. ಕಾಲೇಜಿನ ಗುಮಾಸ್ತರಿಗೆ ಎಡಿಟರ್ ಹಂತದ ಪ್ರವೇಶ ಕೊಟ್ಟರೆ ಅವರು ಪ್ರಕಟಣೆ ಹಾಕಬಲ್ಲರು, ತಾಣದ ಸೆಟ್ಟಿಂಗುಗಳು ಅವರ ಕೈಗೆ ಸಿಗುವುದಿಲ್ಲ. ಅರ್ಧ ದಿನದ ತರಬೇತಿ ಸಾಕು. ಅಷ್ಟನ್ನೂ ಮಾಡದವರು ತಮ್ಮ ಬೋರ್ಡಿನಲ್ಲಿ ‘ಕಂಟೆಂಟ್ ಮ್ಯಾನೇಜ್‌ಮೆಂಟ್’ ಎಂದು ಬರೆಸುವುದು ಸರಿಯಲ್ಲ.

ಕನ್ನಡದ ವಿಷಯದಲ್ಲಂತೂ ನನಗೆ ನಿಜವಾದ ನೋವಿದೆ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ಸಿಕ್ಕಿತ್ತು. ಆದರೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪಾದ ಪಠ್ಯವನ್ನು ಪರಿವರ್ತಿಸದೆ ಅಂಟಿಸಿ, ಅದು ರೋಮನ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಾಗ ‘ಕನ್ನಡ ಬರುವುದಿಲ್ಲ’ ಎಂದು ಕೈಬಿಡುವವರಿದ್ದಾರೆ. ಇಲ್ಲವೇ ಕನ್ನಡ ಬರಹವನ್ನೆಲ್ಲ ಚಿತ್ರವಾಗಿ ಹಾಕುತ್ತಾರೆ. ಆಗ ಅದರೊಳಗಿನ ಮಾತನ್ನು ಅಂಧ ಓದುಗರ ಸ್ಕ್ರೀನ್ ರೀಡರ್ ಓದಲಾರದು, ಮೊಬೈಲಿನಲ್ಲಿ ಅಕ್ಷರದ ಗಾತ್ರವನ್ನಷ್ಟೇ ಹೆಚ್ಚಿಸಲೂ ಆಗದು. ಇಂಗ್ಲಿಷಿಗೆ ಹೊಂದಿಸಿದ ಸಾಲಂತರವನ್ನೇ ಕನ್ನಡಕ್ಕೂ ಇಟ್ಟರೆ ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ. ಸಾಲಂತರ ತುಸು ಹೆಚ್ಚಿಸಿ, ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟ್ ಬಳಸಿ, ಪುಟದ ಭಾಷೆ ಕನ್ನಡವೆಂದು ಕೋಡಿನಲ್ಲಿ ನಮೂದಿಸಿದರೆ ಬಹುಪಾಲು ತೊಂದರೆ ತೀರುತ್ತದೆ. ಕನ್ನಡಿಗರೇ ಕನ್ನಡಿಗರಿಗಾಗಿ ಮಾಡುವ ಕೆಲಸದಲ್ಲಿ ಇಷ್ಟೂ ಆಗದಿದ್ದರೆ ಬೇರೆ ಯಾರು ಮಾಡಬೇಕು?

ಇಷ್ಟೆಲ್ಲಕ್ಕೂ ಮೂಲ ಕಾರಣ ದರ ನಿಗದಿಯ ರೀತಿ. ತಾಣವನ್ನು ಒಂದೇ ಸಲಕ್ಕೆ ಕಡಿಮೆ ಬೆಲೆಗೆ ಮಾರಿದಾಗ ಮುಂದಿನ ವರ್ಷಗಳ ಆರೈಕೆಗೆ ಹಣವೇ ಇರುವುದಿಲ್ಲ. ಬದುಕಲು ಹೊಸ ಗಿರಾಕಿಯ ಹಿಂದೆ ಓಡಬೇಕು, ಹಳಬರ ಫೋನಿಗೆ ಉತ್ತರಿಸಲು ಪುರಸೊತ್ತಿಲ್ಲ. ಇದರಲ್ಲಿ ಗಿರಾಕಿಯ ಪಾಲೂ ಇದೆ. ಸ್ಲೈಡರ್ ಎಷ್ಟು, ಬಣ್ಣ ಯಾವುದು ಎಂದು ಚೌಕಾಸಿ ಮಾಡುವವರು ಬ್ಯಾಕಪ್ ಎಷ್ಟು ದಿನಕ್ಕೊಮ್ಮೆ ಎಂದು ಕೇಳುವುದಿಲ್ಲ. ವಾರ್ಷಿಕ ನಿರ್ವಹಣೆಯ ಮೊತ್ತ ಕಂಡೊಡನೆ ಅದನ್ನು ಹೊಡೆದುಹಾಕಿಸುತ್ತಾರೆ. ವಾರ್ಷಿಕ ನಿರ್ವಹಣೆಯನ್ನೇ ಮುಖ್ಯ ಆದಾಯ ಮಾಡಿಕೊಂಡ ಆಫೀಸು ಮಾತ್ರ ಈ ಕಸುಬಿನಲ್ಲಿ ಮರ್ಯಾದೆಯಿಂದ ಬಾಳಬಲ್ಲದು.

ಈಗಿರುವಂತೆ ಈ ಕಸುಬು ಕಟ್ಟುವುದರಲ್ಲಿ ಜಾಣ, ಕಾಯುವುದರಲ್ಲಿ ಅಜಾಗರೂಕ. ಅದನ್ನು ತಿದ್ದಲು ದೊಡ್ಡ ಬಂಡವಾಳ ಬೇಡ. ಡೊಮೇನ್ ಮತ್ತು ಹೋಸ್ಟಿಂಗ್ ಖಾತೆ ಗಿರಾಕಿಯ ಹೆಸರಿನಲ್ಲಿರಲಿ, ಪಾಸ್‌ವರ್ಡುಗಳನ್ನು ಹಸ್ತಾಂತರಿಸಿದ್ದು ಕಾಗದದ ಮೇಲಿರಲಿ, ಬ್ಯಾಕಪ್ಪಿನ ಒಂದು ಪ್ರತಿ ಗಿರಾಕಿಗೂ ಸಿಗಲಿ, ಕನ್ನಡ ಪುಟಗಳನ್ನು ಅಗ್ಗದ ಮೊಬೈಲಿನಲ್ಲಿ ಓದಿ ನೋಡಿದ ಮೇಲೆಯೇ ಬಿಲ್ಲು ಬರೆಯಲಿ. ನಿಮ್ಮ ಸಂಘಕ್ಕೋ ಶಾಲೆಗೋ ಅಂಗಡಿಗೋ ಈಗಾಗಲೇ ತಾಣವಿದ್ದರೆ ಡೊಮೇನ್ ಯಾರ ಹೆಸರಿನಲ್ಲಿದೆ ಎಂದು ಇಂದೇ ವಿಚಾರಿಸಿ. ನಿಮ್ಮ ಹೆಸರಿನಲ್ಲಿ ಇಲ್ಲದಿದ್ದರೆ, ಸಂಬಂಧ ಚೆನ್ನಾಗಿರುವಾಗಲೇ ಬದಲಾಯಿಸಿಕೊಳ್ಳಿ.