ಬಾನೆಟ್ಟಿನ ಮೇಲೆ ಮನೆಯ ಪ್ರಿಂಟು

ತುಂಗಭದ್ರೆಯ ದಂಡೆಯ ಮುಕ್ಕುಂದದಿಂದ ಸಿಂಧನೂರಿನ ಕಡೆಗೆ ಭತ್ತದ ಸುಗ್ಗಿಯಲ್ಲಿ ಬರುವ ಟ್ರ್ಯಾಕ್ಟರುಗಳನ್ನು ಸುಮ್ಮನೆ ನಿಂತು ಓದಬಹುದು. ಬಾನೆಟ್ಟಿನ ಮೇಲೆ ಅಂಬಾದೇವಿ, ಹನುಮಪ್ಪ, ಬಸವಣ್ಣ, ಅಂಬೇಡ್ಕರ್, ಸಂಗೊಳ್ಳಿ ರಾಯಣ್ಣ. ಮಡ್‌ಗಾರ್ಡಿನ ಮೇಲೆ ಮಕ್ಕಳ ಹೆಸರು. ಟ್ರ್ಯಾಲಿಯ ಹಿಂಬದಿಯಲ್ಲಿ ಅವ್ವ ಅಪ್ಪನ ಆಶೀರ್ವಾದ. ಇದೆಲ್ಲ ರೇಡಿಯಂ ಕಟಿಂಗ್ ಅಂಗಡಿಯವರ ಕೈಕೆಲಸ. ಈಗ ಇದನ್ನು ಮನೆಯಲ್ಲೇ ಮಾಡಿಕೊಳ್ಳಿ ಎನ್ನುವ ಆಮಿಷ ಬಂದಿದೆ. ಎ4 ಅಳತೆಯ ಅಂಟುವ ವಿನೈಲ್ ಹಾಳೆ ಆನ್‌ಲೈನಿನಲ್ಲಿ ಸಿಗುತ್ತದೆ, ಮಕ್ಕಳ ಓದಿಗೆಂದು ತಂದ ಇಂಕ್‌ಜೆಟ್ ಪ್ರಿಂಟರ್ ಮೂಲೆಯಲ್ಲಿರುತ್ತದೆ, ಚಿತ್ರ ಮೊಬೈಲಿನಲ್ಲಿರುತ್ತದೆ. ಪೊಟ್ಟಣದ ಮೇಲೆ ‘ವಾಟರ್‌ಪ್ರೂಫ್’ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತಾರೆ.

ಆ ಮಾತು ಅರ್ಧ ನಿಜ. ವಿನೈಲ್ ಎಂದರೆ ಪಿವಿಸಿ, ಅದು ನೀರು ಕುಡಿಯುವುದಿಲ್ಲ. ಕುಡಿಯುವುದು ಅದರ ಮೇಲೆ ಶಾಯಿ ಹಿಡಿಯಲೆಂದು ಬಳಿದಿರುವ ತೆಳು ಲೇಪ. ಅಂಚಿನಿಂದ ಒಳಹೊಕ್ಕ ಹನಿ ಆ ಲೇಪವನ್ನು ಮೆತ್ತಗೆ ಮಾಡಿ ಚಿತ್ರವನ್ನು ಹರಡುತ್ತದೆ. ಆದರೆ ನಮ್ಮ ಸೀಮೆಯಲ್ಲಿ ನೀರಿಗಿಂತ ದೊಡ್ಡ ವೈರಿ ಬಿಸಿಲು. ಮನೆಯ ಪ್ರಿಂಟರುಗಳಲ್ಲಿ ಹೆಚ್ಚಿನವು ಬಳಸುವುದು ಡೈ ಶಾಯಿ. ಕೆಲವದರಲ್ಲಿ ಕಪ್ಪು ಮಾತ್ರ ಪಿಗ್ಮೆಂಟ್. ಡೈ ಎಂದರೆ ದ್ರವದಲ್ಲಿ ಪೂರ್ತಿ ಕರಗಿದ ಬಣ್ಣ. ನೇರಳಾತೀತ ಕಿರಣ ಅದರ ಅಣುಗಳನ್ನು ಬೇಗ ಒಡೆಯುತ್ತದೆ. ಪಿಗ್ಮೆಂಟ್ ಎಂದರೆ ಕರಗದ ಸಣ್ಣ ಕಣ, ಸ್ವಲ್ಪ ಹೆಚ್ಚು ತಾಳುತ್ತದೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ, ಮಧ್ಯಾಹ್ನದ ಬಾನೆಟ್ಟನ್ನು ಮುಟ್ಟಲಾಗುವುದಿಲ್ಲ. ಅಲ್ಲಿ ಹಚ್ಚಿದ ಡೈ ಶಾಯಿಯ ದೇವಿಯ ಮುಖದಿಂದ ಹಳದಿ, ಕೆಂಪು ಮೊದಲು ಇಳಿದುಹೋಗಿ ಮುಖ ನೀಲಿಗಟ್ಟುತ್ತದೆ. ಭಕ್ತಿಯಿಂದ ಹಚ್ಚಿದವರಿಗೆ ಇದು ಕಸಿವಿಸಿಯ ನೋಟ, ಆಡಿಕೊಳ್ಳುವವರಿಗೆ ಸುಗ್ಗಿ.

ಲ್ಯಾಮಿನೇಷನ್ ಮಾಡಿದರಾಯಿತಲ್ಲ ಎನ್ನುತ್ತಾರೆ. ಆಗುತ್ತದೆ, ಸರಿಯಾಗಿ ಮಾಡಿದರೆ. ಚಿತ್ರಕ್ಕಿಂತ ಮೂರ್ನಾಲ್ಕು ಮಿಲಿಮೀಟರ್ ಹೊರಗೆ ಚಾಚುವಂತೆ, ಬಿಸಿಲು ತಡೆಯುವ ಪಾರದರ್ಶಕ ಹಾಳೆಯನ್ನು ಬಿಸಿ ತಾಗಿಸದೆ ಒತ್ತಿ, ಅಂಚು ಮುಚ್ಚಬೇಕು. ಮೊದಲು ಚಿತ್ರಕ್ಕೆ ಲ್ಯಾಮಿನೇಷನ್ ಮಾಡಿ ಆಮೇಲೆ ಅದರ ಗೆರೆಯ ಮೇಲೇ ಕತ್ತರಿ ಆಡಿಸಿದರೆ ಅಂಚು ಮತ್ತೆ ಬಾಯಿ ತೆರೆಯುತ್ತದೆ, ಪಟ್ಟ ಪಾಡು ವ್ಯರ್ಥ. ಲೇಸರ್ ಪ್ರಿಂಟರಿನಲ್ಲಿ ಇಂಥ ಮಾಮೂಲಿ ವಿನೈಲ್ ತೂರಿಸುವುದಂತೂ ಬೇಡ. ಟೋನರ್ ಕರಗಿಸುವ ಉರುಳೆಯ ಶಾಖಕ್ಕೆ ಹಾಳೆ ಕರಗಿ ಮಷಿನ್ನೇ ಕೆಡುತ್ತದೆ.

ರೇಡಿಯಂ ಅಂಗಡಿಯಲ್ಲಿ ನಡೆಯುವುದೇ ಬೇರೆ. ಅಲ್ಲಿ ಶಾಯಿಯೇ ಇಲ್ಲ. ಬಣ್ಣ ಹಾಳೆಯ ಮೈತುಂಬ ಬೆರೆತಿರುತ್ತದೆ. ಕಂಪ್ಯೂಟರಿನಲ್ಲಿ ಬರೆದ ಗೆರೆಯ ಮೇಲೆ ಮಷಿನ್ನಿನ ಬ್ಲೇಡು ಓಡಿ, ಹಿಂಬದಿಯ ಕಾಗದವನ್ನು ಬಿಟ್ಟು ವಿನೈಲನ್ನಷ್ಟೇ ಕೊಯ್ಯುತ್ತದೆ. ಬೇಡದ್ದನ್ನು ಸೂಜಿಮೊನೆಯಿಂದ ಎಬ್ಬಿಸಿ ಕಿತ್ತು, ಉಳಿದದ್ದರ ಮೇಲೆ ಟೇಪು ಹಾಕಿ ಎತ್ತಿ, ಸೋಪಿನ ನೀರು ಚಿಮುಕಿಸಿದ ಲೋಹದ ಮೇಲೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಗಾಳಿ ನೂಕುತ್ತಾರೆ. ಅಂಟು ಪೂರ್ತಿ ಹಿಡಿಯಲು ಒಂದು ದಿನವಾದರೂ ಬೇಕು. ಅದೇ ಸಂಜೆ ಕಾಲುವೆಗೆ ಇಳಿಸಿ ಟ್ರ್ಯಾಕ್ಟರ್ ತೊಳೆದರೆ ದೂರು ಅಂಗಡಿಯವನ ಮೇಲೆ ಬರುತ್ತದೆ, ತಪ್ಪು ಅವನದಲ್ಲ. ಡೀಸೆಲ್ ಟ್ಯಾಂಕಿನ ಮುಚ್ಚಳದ ಪಕ್ಕದ ಸ್ಟಿಕ್ಕರ್ ಎಲ್ಲಕ್ಕಿಂತ ಮೊದಲು ಏಳುತ್ತದೆ, ಏಕೆಂದರೆ ಡೀಸೆಲ್ಲು ಅಂಟನ್ನು ಕರಗಿಸುತ್ತದೆ. ಹಳೆಯ ಸ್ಟಿಕ್ಕರಿನ ಅಂಟು ತೆಗೆಯಲು ಬಳಸುವುದೂ ಅದನ್ನೇ.

ಇದಕ್ಕೂ ಆಯುಷ್ಯದ ಮಿತಿ ಇದೆ. ಒರಾಕಲ್ 651ರಂಥ ಹೆಸರುವಾಸಿ ಹಾಳೆಗೆ ಕಂಪನಿ ಹೇಳುವ ಬಾಳಿಕೆ ಕಪ್ಪು ಬಿಳುಪಿನಲ್ಲಿ 6 ವರ್ಷದವರೆಗೆ. ಆದರೆ ಆ ಲೆಕ್ಕ ಮಧ್ಯ ಯುರೋಪಿನ ಹವೆಯದು, ಅದೂ ನೆಟ್ಟಗೆ ನಿಂತ ಮೇಲ್ಮೈಯದು. ಬಾನೆಟ್ಟು ಮಲಗಿದ ಮೇಲ್ಮೈ, ಸಿಂಧನೂರು ಯುರೋಪಲ್ಲ. ಉರುಳೆಗಳ ನಡುವೆ ಒತ್ತಿ ಎಳೆದು ಮಾಡಿದ ಇಂಥ ಹಾಳೆ ಕಾಲ ಕಳೆದಂತೆ ಎಳೆತಕ್ಕೆ ಮೊದಲಿನ ಅಳತೆಗೆ ಕುಗ್ಗಲು ನೋಡುತ್ತದೆ. ಅಂಚಿನಲ್ಲಿ ಕಾಣುವ ಕೊಳೆಹಿಡಿದ ಅಂಟಿನ ಗೆರೆ ಅದರ ಗುರುತು. ದ್ರವವನ್ನು ಹುಯ್ದು ಒಣಗಿಸಿದ ಕಾಸ್ಟ್ ವಿನೈಲ್ ಕುಗ್ಗುವುದು ಕಡಿಮೆ, ಬೆಲೆ ಹೆಚ್ಚು.

ಹಾಗಾಗಿ ನನ್ನ ತೀರ್ಮಾನ ಒಂದೇ: ಬಿಸಿಲಿಗೆ ಒಡ್ಡುವ ಸ್ಟಿಕ್ಕರನ್ನು ಮನೆಯಲ್ಲಿ ಮಾಡುವುದಾದರೆ ಪ್ರಿಂಟರಿಗೆ ಹಾಕುವ ದುಡ್ಡನ್ನು ಬ್ಲೇಡಿಗೆ ಹಾಕಬೇಕು. ಮೇಜಿನ ಮೇಲೆ ಕೂರುವ ಕ್ರಿಕಟ್, ಸಿಲೂಯೆಟ್‌ನಂಥ ಸಣ್ಣ ಕಟಿಂಗ್ ಮಷಿನ್ನುಗಳು ಇವೆ. ಆದರೆ ಬ್ಲೇಡಿಗೆ ತಕ್ಕ ಚಿತ್ರವೂ ಬೇಕು, ಕೊರತೆ ಇರುವುದು ಅಲ್ಲಿಯೇ. ‘ಫೋಟೋದಾಗ ಇದ್ದಂಗ ಬರಬೇಕು’ ಎನ್ನುವ ಗಿರಾಕಿಯ ಹಟ ಫ್ಲೆಕ್ಸ್ ಬ್ಯಾನರಿನಿಂದ ಬಂದದ್ದು.

ಬ್ಲೇಡಿಗೆ ಒಪ್ಪುವ ಚಿತ್ರಕ್ಕೆ ಕನ್ನಡದವರೇ ಕೊಟ್ಟ ದೊಡ್ಡ ಉದಾಹರಣೆ ಇದೆ. ಕಾಸರಗೋಡು ಜಿಲ್ಲೆಯ ಕುಂಬಳೆಯ ಕರಣ್ ಆಚಾರ್ಯ 2015ರಲ್ಲಿ ಊರಿನ ಯುವಕರ ಧ್ವಜಕ್ಕೆಂದು ಹನುಮಂತನ ಮುಖ ಬರೆದುಕೊಟ್ಟರು. ಅದು ಬೆಂಗಳೂರಿನ ಕಾರುಗಳ ಹಿಂದಿನ ಗಾಜಿಗೆ ಏರಿ ದೇಶವಿಡೀ ಹರಡಿತು. 2018ರ ಮೇ ತಿಂಗಳಲ್ಲಿ ಮಂಗಳೂರಿನ ಚುನಾವಣಾ ಸಭೆಯಲ್ಲಿ ಪ್ರಧಾನಿಯೂ ಅದನ್ನು ಹೊಗಳಿದರು. ಆ ಮುಖದಲ್ಲಿರುವುದು ಸಿಟ್ಟೋ ಗತ್ತೋ ಎಂಬ ಜಗಳ ಬಹಳ ನಡೆಯಿತು, ಗತ್ತು ಎಂಬುದು ಆಚಾರ್ಯರ ಮಾತು. ನನ್ನ ಕಣ್ಣಿಗೆ ಬೀಳುವುದು ಮಾತ್ರ ಅದರ ಜಿಪುಣತನ. ಕೇಸರಿ ಮತ್ತು ಕಪ್ಪು, ಎರಡೇ ಬಣ್ಣ. ಛಾಯೆ ಇಲ್ಲ, ಮೆರುಗು ಇಲ್ಲ. ಕಾರಿನ ಗಾಜೇ ಕಪ್ಪಿನ ಕೆಲಸ ಮಾಡುವುದರಿಂದ ಒಂದೇ ಕೇಸರಿ ಹಾಳೆ ಕೊಯ್ದರೆ ಮುಖ ಎದ್ದು ನಿಲ್ಲುತ್ತದೆ. ಅಷ್ಟು ಅಗ್ಗವಾಗಿ, ಅಷ್ಟು ಗಟ್ಟಿಯಾಗಿ ನಕಲಾಗಬಲ್ಲ ಚಿತ್ರವಾದ್ದರಿಂದಲೇ ಅದು ಹರಡಿತು ಎಂದು ನನ್ನ ವಾದ. ಈಗ ಅದೇ ಮುಖಕ್ಕೆ ಬೆಂಕಿ, ಹೊಗೆ, ಹೊಳಪು ಸೇರಿಸಿ ಬಣ್ಣಬಣ್ಣದ ಪ್ರಿಂಟು ತೆಗೆಯುತ್ತಾರೆ. ಹತ್ತು ಹೆಜ್ಜೆ ದೂರದಿಂದ ಅದು ಮಸಿಯ ಮುದ್ದೆ.

ಕನ್ನಡ ಅಕ್ಷರದ ಲೆಕ್ಕವೂ ಇಂಥದ್ದೇ. ಸ್ಟಿಕ್ಕರ್ ಏಳಲು ಶುರುವಾಗುವುದು ಚೂಪು ಮೂಲೆಯಿಂದ. ಇಂಗ್ಲಿಷಿನ ‘ಕೆ’, ‘ಎಂ’, ‘ಎ’ಗಳಿಗೆ ಮೂಲೆಗಳೇ ಆಸ್ತಿ. ನಮ್ಮ ದುಂಡು ಅಕ್ಷರಕ್ಕೆ ಆ ತೊಂದರೆ ಕಡಿಮೆ. ತೊಂದರೆ ಇರುವುದು ಒತ್ತಕ್ಷರದಲ್ಲಿ: ಬಿಡಿಯಾಗಿ ಕೆಳಗೆ ನೇತಾಡುವ ಸಣ್ಣ ತುಣುಕು ಕೀಳುವಾಗಲೇ ಕಸದ ಜೊತೆ ಹೋಗುತ್ತದೆ, ‘ಅಪ್ಪ’ ‘ಅಪ’ ಆಗುತ್ತಾನೆ. ಪುಸ್ತಕಕ್ಕೆಂದು ಮಾಡಿದ ತೆಳು ಗೆರೆಯ ಫಾಂಟನ್ನು ಹಾಗೇ ಹಿಗ್ಗಿಸಿ ಕೊಯ್ಯಬಾರದು. ಗೆರೆ ದಪ್ಪ ಮಾಡಿ, ಒತ್ತನ್ನು ಮೇಲಿನ ಅಕ್ಷರಕ್ಕೆ ತಾಗಿಸಿದರೆ ಹೆಸರು ಬಾಳುತ್ತದೆ. ಬ್ರಷ್ ಹಿಡಿದು ಬರೆಯುತ್ತಿದ್ದ ಪೇಂಟರುಗಳಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಮನೆಯ ಪ್ರಿಂಟಿಗೆ ಜಾಗವೇ ಇಲ್ಲವೆಂದಲ್ಲ. ನೆರಳಿನಲ್ಲಿರುವ ಮೋಟರ್ ಪೆಟ್ಟಿಗೆಯ ಒಳಬಾಗಿಲು, ಬೀಜದ ಡಬ್ಬಿ, ಮಕ್ಕಳ ಪೆನ್ಸಿಲ್ ಡಬ್ಬಿಗೆ ಅದು ಧಾರಾಳ ಸಾಕು.

ಟ್ರ್ಯಾಲಿಯ ಹಿಂಬದಿಗೆ ಮಾತ್ರ ಬೇಡ. ರಾತ್ರಿ ಭತ್ತ ಹೇರಿಕೊಂಡು ಗಂಗಾವತಿ ರಸ್ತೆಯಲ್ಲಿ ಸಾಗುವ ಟ್ರ್ಯಾಲಿಯನ್ನು ಹಿಂದಿನವರಿಗೆ ತೋರಿಸುವುದು ಪ್ರತಿಫಲಕ ಪಟ್ಟಿ. ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಗಾಜಿನ ಮಣಿ ಅಥವಾ ಸಣ್ಣ ಪ್ರಿಸಂ ಅದರಲ್ಲಿರುತ್ತದೆ. ಮನೆಯಲ್ಲಿ ಕೆಂಪು, ಹಳದಿ ಪ್ರಿಂಟು ತೆಗೆದು ಅದೇ ಜಾಗದಲ್ಲಿ ಅಂಟಿಸಿದರೆ ಹಗಲಿಗೆ ಚೆಂದ ಕಾಣುತ್ತದೆ, ರಾತ್ರಿಗೆ ಕಾಣುವುದೇ ಇಲ್ಲ. ನಂಬರ್ ಪ್ಲೇಟಂತೂ ಈಗ ಮನೆಯವರ ಕೈಯಲ್ಲೂ ಇಲ್ಲ, ಅಂಗಡಿಯವರ ಕೈಯಲ್ಲೂ ಇಲ್ಲ. 2019ರ ಏಪ್ರಿಲ್ 1ರ ನಂತರದ ವಾಹನಗಳಿಗೆ ಅತಿಸುರಕ್ಷಿತ ಫಲಕ ಜೊತೆಗೇ ಬರುತ್ತದೆ, ಅದಕ್ಕೂ ಹಳೆಯವಕ್ಕೆ ಹಾಕಿಸಬೇಕೆಂದು ಕರ್ನಾಟಕ 2023ರ ಆಗಸ್ಟಿನಲ್ಲಿ ಆದೇಶಿಸಿತು. ರೇಡಿಯಂ ಅಂಗಡಿಗೆ ಆ ಬಾಬತ್ತು ತಪ್ಪಿದೆ. ಅಂಗಡಿಯವನ ಪಾಲಿಗೆ ಉಳಿದಿರುವುದು ಹೆಸರು ಮತ್ತು ದೇವರು. ಮನೆಯ ಪ್ರಿಂಟರ್ ಕೈ ಹಾಕಿರುವುದು ಆ ಎರಡಕ್ಕೇ.